ಭಾಗವತರಿಗೆ ಮೌನ ಪ್ರಾರ್ಥನೆಯೇ?

"ಈಗ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಪ್ರಾರ್ಥನೆ ಮಾಡಬೇಕಾಗಿ ವಿನಂತಿ" ಎಂದು ಮೈಕಿನಲ್ಲಿ ಹೇಳಿದರು. ಎಲ್ಲರ ಜೊತೆ ನಾನೂ ಎದ್ದು ನಿಂತೆ. ಕುರ್ಚಿಗಳು ಕರಕರ ಎಂದವು. ಯಾರದೋ ಮೊಬೈಲು ಸಣ್ಣಗೆ ಕಿರುಚಿ ಸುಮ್ಮನಾಯಿತು. ವೇದಿಕೆಯ ಮೇಲೆ ಸುಬ್ರಹ್ಮಣ್ಯ ಧಾರೇಶ್ವರರ ಫೋಟೋ, ಅದಕ್ಕೊಂದು ಸೇವಂತಿಗೆ ಮಾಲೆ, ಮುಂದೆ ದೀಪ. ಮೌನ ಮುಗಿಯುವುದನ್ನು ಕಾಯುತ್ತ ನಿಂತಿದ್ದಾಗ ನನಗೆ ಒಂದು ಕೆಟ್ಟ ಯೋಚನೆ ಬಂತು. ಕೆಟ್ಟದೆಂದು ಆಗ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಜೀವಮಾನವಿಡೀ ನಮ್ಮನ್ನು ರಾತ್ರಿ ಮಲಗಲು ಬಿಡದೆ ಹಾಡಿದ ಮನುಷ್ಯನಿಗೆ ನಾವು ಕಡೆಗೆ ಕೊಟ್ಟದ್ದು ಮೌನವೇ? ಹಲ್ಲು ನೋವಿನ ಡಾಕ್ಟರಿಗೆ ಅಭಿಮಾನದಿಂದ ಒಂದು ಚೀಲ ಬೆಲ್ಲ ಕೊಟ್ಟ ಹಾಗಾಯಿತಲ್ಲ!

ಇದು 2024ರ ಬೇಸಗೆಯ ಮಾತು. ಆ ವರ್ಷ ಏಪ್ರಿಲ್ 25ರಂದು ಧಾರೇಶ್ವರರು ತೀರಿಕೊಂಡ ಮೇಲೆ ನಮ್ಮ ಕಡೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂದು ಅಲ್ಲಲ್ಲಿ ನುಡಿನಮನಗಳಾದವು. ಅಂಥ ಒಂದು ಸಭೆಗೆ ನಾನು ಹೋಗಿದ್ದೆ. ಯಾವ ಸಭೆ, ಯಾವ ಊರಿನ ಯಾವ ಹಾಲು ಎಂದು ಹೇಳುವುದಿಲ್ಲ. ಹೇಳಿದರೆ ಅದೊಂದು ಊರಿನ ಜಗಳವಾಗಿ ಮುಗಿದುಹೋಗುತ್ತದೆ. ನನ್ನ ಜಗಳ ಅದಕ್ಕಿಂತ ದೊಡ್ಡದು.

ಅಲ್ಲಿ ನಡೆದದ್ದು ಇಷ್ಟೇ. ಒಬ್ಬರಾದ ಮೇಲೆ ಒಬ್ಬರಂತೆ ಏಳು ಜನ ಗಂಡಸರು ಮಾತಾಡಿದರು. ಏಳೂ ಜನ "ತುಂಬಲಾರದ ನಷ್ಟ" ಎಂದರು. ಐವರು "ಧ್ರುವತಾರೆ" ಎಂದರು. ಒಬ್ಬರಂತೂ ಧಾರೇಶ್ವರರ ಬಗ್ಗೆ ಎರಡು ನಿಮಿಷ, ತಾವು ಅವರಿಗೆ ಮಾಡಿಸಿದ ಸನ್ಮಾನದ ಬಗ್ಗೆ ಹನ್ನೆರಡು ನಿಮಿಷ ಮಾತಾಡಿದರು. ಕೊನೆಗೆ ಸಂಘಟಕರಿಗೆ ಹೆಂಗಸರ ನೆನಪಾಗಿರಬೇಕು, ಸಭೆಯಲ್ಲಿ ಅರ್ಧ ನಾವೇ ಇದ್ದೆವಲ್ಲ. "ಟೀಚರೇ, ನೀವು ಎರಡು ಮಾತು" ಎಂದು ನನ್ನನ್ನು ಕರೆದರು. ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಮೈಕಿಗೆ ಹೆದರುವವಳಲ್ಲ. ಹೋಗಿ ನಿಂತು, 1990ರಲ್ಲಿ ಕಾಳಿಂಗ ನಾವಡರು ಹೋದಾಗ ನಮ್ಮ ಮನೆಯ ದೊಡ್ಡತ್ತೆ ಹೇಳಿದ ಒಂದು ಮಾತನ್ನು ಹೇಳಿದೆ. ಹಿಂದಿನ ಸಾಲಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮುಂದಿನ ಸಾಲಿನ ಗಂಡಸರೂ ನಕ್ಕರು, ಆದರೆ ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು.

ನಾನು ಕೆಳಗಿಳಿದ ಕೂಡಲೇ ಅಧ್ಯಕ್ಷತೆ ವಹಿಸಿದವರು ಮೈಕು ಎಳೆದುಕೊಂಡರು. "ಇದು ದುಃಖದ ಸಭೆ. ಇಂಥಲ್ಲಿ ಗಾಂಭೀರ್ಯ ಬೇಕು. ಅದರಲ್ಲೂ ತಾಯಂದಿರು ಹೀಗೆ ನಗುವುದು ಶೋಭೆಯಲ್ಲ." ಮರುದಿನ ಪರಿಚಯದವರೊಬ್ಬರು ಫೋನು ಮಾಡಿ, "ನೀವು ಟೀಚರಾಗಿ ಹೀಗೆ ಮಾಡ್ಬಹುದಾ?" ಎಂದರು. ಆಗ ಬಾಯಿ ಮುಚ್ಚಿಕೊಂಡಿದ್ದೆ. ಈಗ ಬರೆಯುತ್ತಿದ್ದೇನೆ.

ದೊಡ್ಡತ್ತೆ ಹೇಳಿದ ಮಾತೇನು ಎಂದು ನಿಮಗೂ ಕುತೂಹಲವಿರಬಹುದು. ಅದನ್ನು ಹೇಳುವ ಮೊದಲು ದೊಡ್ಡತ್ತೆ ಯಾರು ಎಂದು ಹೇಳಬೇಕು.

ನನ್ನ ತವರು ನಾವುಂದದ ಹತ್ತಿರ. ಕೊಟ್ಟದ್ದು ಸಾಲಿಗ್ರಾಮ, ಬ್ರಹ್ಮಾವರಗಳ ನಡುವಿನ ಒಂದು ಹಳ್ಳಿಗೆ. ಆಗಿನ್ನೂ ಉಡುಪಿ ಜಿಲ್ಲೆಯೇ ಇರಲಿಲ್ಲ, ಅದಾದದ್ದು 1997ರಲ್ಲಿ. ಬೈಂದೂರು, ಬ್ರಹ್ಮಾವರ ತಾಲೂಕಾದದ್ದಂತೂ ಮೊನ್ನೆ ಮೊನ್ನೆ. ನಮ್ಮದು ಗೇಣಿಯಿಂದ ಬಿಡಿಸಿಕೊಂಡ ಗದ್ದೆ, ಒಂದಷ್ಟು ತೆಂಗು, ಹನ್ನೊಂದು ಜನರ ಮನೆ. ದೊಡ್ಡತ್ತೆಯೆಂದರೆ ನನ್ನ ಮಾವನ ಅಕ್ಕ. ಇಪ್ಪತ್ತಮೂರಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಗಂಡ ಸತ್ತ ದಿನ ಅವರು ಅಳಲಿಲ್ಲವಂತೆ. ಗರ ಬಡಿದ ಹಾಗೆ ಕೂತಿದ್ದರಂತೆ. ಅದಕ್ಕೂ ಊರವರು ಮಾತಾಡಿದರು. ಆಮೇಲೆ ನಲವತ್ತು ವರ್ಷ ಆ ಮನೆಯ ಅಕ್ಕಿ ಕಡೆದದ್ದು ಅವರೇ. ಅವರಿಗಿದ್ದ ಒಂದೇ ಒಂದು ಚಟ ಆಟ ನೋಡುವುದು.

ಪೇಟೆಯಲ್ಲಿ ಬೆಳೆದ ಮಕ್ಕಳಿಗೆ ಹೇಳುತ್ತೇನೆ, ಆಟವೆಂದರೆ ನಮ್ಮಲ್ಲಿ ಯಕ್ಷಗಾನ. ಮಂದಾರ್ತಿ, ಮಾರಣಕಟ್ಟೆಯ ಹರಕೆ ಆಟವಾದರೆ ಬಯಲಲ್ಲಿ ಪುಕ್ಕಟೆ. ಸಾಲಿಗ್ರಾಮ, ಪೆರ್ಡೂರು ಮೇಳಗಳದ್ದಾದರೆ ಡೇರೆ, ಟಿಕೆಟು. ನೆಲದ ಟಿಕೆಟಿಗೆ ಚಾಪೆ ನಾವೇ ಒಯ್ಯಬೇಕು. ಎರಡು ಮೈಲಿ ಗದ್ದೆಯ ಅಂಚಿನ ಮೇಲೆ ಟಾರ್ಚು ಹಿಡಿದು ನಡೆದು, ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ತಿರುಗಿ ನಡೆದು, ಮನೆಗೆ ಬಂದವರೇ ಒಲೆಗೆ ಬೆಂಕಿ ಹಾಕುವುದು. ಗಂಡಸರು ಬಂದವರೇ ಮಲಗುತ್ತಿದ್ದರು. ಇದನ್ನು ದೂರಾಗಿ ಹೇಳುತ್ತಿಲ್ಲ. ಹೇಳಿದರೂ ತಪ್ಪೇನಿಲ್ಲ.

ಕಾಳಿಂಗ ನಾವಡರು ಗುಂಡ್ಮಿಯವರು, ನಮ್ಮ ಪಕ್ಕದೂರಿನವರೇ ಅನ್ನಬೇಕು. ಅವರ ಕಂಠ ಎಂಥದು ಎಂದು ಕೇಳಿದವರಿಗೆ ಹೇಳಬೇಕಾಗಿಲ್ಲ, ಕೇಳದವರಿಗೆ ಹೇಳಿ ತಿಳಿಸಲಾಗುವುದಿಲ್ಲ. ಹೊಸ ಹೊಸ ರಾಗ ತಂದರು, ಪುರಾಣದಲ್ಲಿಲ್ಲದ ಕಥೆ ಕಟ್ಟಿದರು. 'ನಾಗಶ್ರೀ' ಅವರೇ ಬರೆದ ಪ್ರಸಂಗ. ಆ ಪ್ರಸಂಗ ನೋಡಲು ಆ ಕಾಲದಲ್ಲಿ ಎಷ್ಟು ಜನ ಎಷ್ಟು ಸಲ ಹೋಗಿದ್ದರೋ! "ಸಿನಿಮಾ ಧಾಟಿ, ಸಂಪ್ರದಾಯ ಹಾಳಾಯಿತು" ಎಂದು ಜಗಲಿಯಲ್ಲಿ ಕೂತು ಬೈದವರಿಗೂ ಲೆಕ್ಕವಿಲ್ಲ. ಬೈದವರೂ ಡೇರೆಯೊಳಗೆ ಕುರ್ಚಿ ಟಿಕೆಟು ತೆಗೆದುಕೊಂಡು ಕೂತದ್ದನ್ನು ನಾನು ನೆಲದ ಚಾಪೆಯಿಂದ ನೋಡಿದ್ದೇನೆ.

ಅವರು ಹೋದದ್ದು 1990ರ ಮೇ ತಿಂಗಳ ಕೊನೆಯಲ್ಲಿ, ಮೇಳಗಳು ಗೆಜ್ಜೆ ಬಿಚ್ಚುವ ಕಾಲ. ರಸ್ತೆ ಅಪಘಾತ. ವಯಸ್ಸು 32ರ ಆಸುಪಾಸು. ನನಗೆ ಮದುವೆಯಾಗಿ ಎರಡನೇ ವರ್ಷ. ಸುದ್ದಿಯನ್ನು ಮೈದುನ ಪೇಟೆಯಿಂದ ತಂದ. ಗಂಡಸರೆಲ್ಲ ಶರ್ಟು ಹಾಕಿಕೊಂಡು ಹೊರಟೇಬಿಟ್ಟರು. ಹೆಂಗಸರಿಗೆ ಹೋಗುವುದೆಲ್ಲಿಂದ ಬಂತು? ನಾವು ಅವರಿಗೆ ನೆಂಟರೇ, ಇಷ್ಟರೇ? "ನೀವು ಅಲ್ಲಿ ಬಂದು ಎಂತ ಮಾಡುದು?" ಎಂದರು ಮಾವ. ಸರಿಯಾದ ಪ್ರಶ್ನೆಯೇ. ಅವರು ಹೋಗಿ ಎಂತ ಮಾಡಿದರು ಎಂದು ನಾವು ಕೇಳಲಿಲ್ಲ.

ಅಂದು ಮಧ್ಯಾಹ್ನ ಹಿಂದಿನ ಜಗಲಿಯಲ್ಲಿ, ಕಡೆಯುವ ಕಲ್ಲಿನ ಹತ್ತಿರ ನಾವು ಐದು ಜನ ಹೆಂಗಸರು ಕೂತಿದ್ದೆವು. ನೆರೆಮನೆಯ ಇಬ್ಬರೂ ಬಂದಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ದೊಡ್ಡತ್ತೆ ಕಲ್ಲು ತಿರುಗಿಸುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಅವರು ಹೇಳಿದರು:

"ನಾಗಶ್ರೀ ಕಾಂಬುಕ್ ಹೋಯಿ ನನ್ ಅಕ್ಕಿಹಿಟ್ಟ್ ಎಷ್ಟ್ ಸಲ ಹುಳಿ ಬಂದಿತ್ತ್ ಅಲ್ದಾ? ಇನ್ನ್ ದೇವ್ಲೋಕದ್ ಹಿಟ್ಟ್ ಹುಳಿ ಬರ್ಸುಕ್ ಹೋಯ್ರ್ ಕಾಣ್. ಇಂದ್ರ ಇನ್ನ್ ನಿದ್ರಿ ಮಾಡ್ದಾಂಗೇ!"

ಒಂದು ಗಳಿಗೆ ಎಲ್ಲರೂ ಗಪ್ಪಾಗಿ ಅವರ ಮುಖ ನೋಡಿದೆವು. ಆಮೇಲೆ ನೆರೆಮನೆಯಾಕೆ ಕಿಸಕ್ಕೆಂದಳು. ಅಷ್ಟೇ, ಕಟ್ಟೆ ಒಡೆಯಿತು. ಒಬ್ಬಳು, ದೇವಲೋಕದಲ್ಲಿ ಡೇರೆ ಹಾಕಿದ್ದಾರಂತೆ, ಮುಂದಿನ ಕುರ್ಚಿಯ ಟಿಕೆಟು ಸಿಗಲಿಲ್ಲವೆಂದು ನಾರದ ಗೇಟಿನಲ್ಲಿ ಗಲಾಟೆ ಮಾಡುತ್ತಿದ್ದಾನಂತೆ ಎಂದಳು. ಇನ್ನೊಬ್ಬಳು, ಗುರು ಉಪ್ಪೂರರು 1984ರಲ್ಲೇ ಹೋಗಿ ಕೂತಿದ್ದಾರಲ್ಲ, ಶಿಷ್ಯ ಹೊಸ ರಾಗ ತೆಗೆದ ಕೂಡಲೇ ತಾಳದಲ್ಲೇ ತಲೆಗೆ ಒಂದು ಕೊಡುತ್ತಾರೆ ಎಂದಳು. ಚಿತ್ರಗುಪ್ತನ ಲೆಕ್ಕ ತಪ್ಪಿತು, ಯಮನ ಕೋಣ ಚಂಡೆಗೆ ಹೆಜ್ಜೆ ಹಾಕಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ದೊಡ್ಡತ್ತೆಯೂ ನಕ್ಕರು. ನಗುತ್ತ ನಗುತ್ತ ಸೆರಗನ್ನು ಮುಖಕ್ಕೆ ಒತ್ತಿಕೊಂಡರು. ಕಲ್ಲು ನಿಂತಿತು. ಭುಜ ಅಲ್ಲಾಡುತ್ತಲೇ ಇತ್ತು. ನಗು ಯಾವಾಗ ನಿಂತಿತು, ಅಳು ಯಾವಾಗ ಶುರುವಾಯಿತು ಎಂದು ಅವರಿಗೂ ಗೊತ್ತಾಗಿರಲಿಕ್ಕಿಲ್ಲ. ಗಂಡ ಸತ್ತಾಗ ಅಳದ ಹೆಂಗಸು ಅವತ್ತು ಅರ್ಧ ಗಂಟೆ ಅತ್ತರು. ಅದರಲ್ಲಿ ಎಷ್ಟು ಪಾಲು ನಾವಡರಿಗೆ, ಎಷ್ಟು ಪಾಲು ಮತ್ತೊಬ್ಬರಿಗೆ ಎಂದು ನಾವ್ಯಾರೂ ಕೇಳಲಿಲ್ಲ.

ಈಗ ಹೇಳಿ, ಇದು ಅಗೌರವವೇ?

"ಶೋಭೆಯಲ್ಲ" ಎಂದ ಅಧ್ಯಕ್ಷರಿಗೆ ನಾನು ಕೇಳುವುದು ಇದನ್ನೇ. ಸ್ವಾಮಿ, ನೀವು ಆಟ ನೋಡಿದ್ದೀರಾ? ರಂಗಸ್ಥಳದಲ್ಲಿ ಭಾಗವತರೆಂದರೆ ಒಂದನೇ ವೇಷ. ಅವರ ತಾಳಕ್ಕೆ ದೇವೇಂದ್ರನೂ ಕುಣಿಯಬೇಕು, ಕೌರವನೂ ಕುಣಿಯಬೇಕು. ಅಂಥ ಭಾಗವತರ ಜೊತೆ ಸಲಿಗೆಯಿಂದ ಮಾತಾಡುವ ಹಕ್ಕು ಯಾರಿಗೆ ಹೆಚ್ಚು? ಹಾಸ್ಯಗಾರನಿಗೆ. ದೂತನೋ, ಅಗಸನೋ, ಅಡಗೂಲಜ್ಜಿಯೋ ಆಗಿ ಒಳಗೆ ಬರುತ್ತಾನೆ. ಭಾಗವತರು "ಯಾರಯ್ಯಾ ನೀನು?" ಎಂದು ಕೇಳುತ್ತಾರೆ. ಆತ ಭಾಗವತರನ್ನೇ ಹಿಡಿದು ಗೇಲಿ ಮಾಡುತ್ತಾನೆ. ಅವರ ಹೊಟ್ಟೆ, ಅವರ ರುಮಾಲು, ಅವರ ಸಂಬಳ, ರಾತ್ರಿಯಿಡೀ ಕೂತಲ್ಲೇ ಕೂತ ಅವರ ಸೋಮಾರಿತನ, ಯಾವುದನ್ನೂ ಬಿಡುವುದಿಲ್ಲ. ಭಾಗವತರು ನಗುತ್ತ ಅದಕ್ಕೆ ಎಡೆ ಮಾಡಿಕೊಡುತ್ತಾರೆ. ಕುಂಜಾಲು ರಾಮಕೃಷ್ಣರ, ಹಳ್ಳಾಡಿ ಜಯರಾಮ ಶೆಟ್ಟರ ಹಾಸ್ಯ ಕೇಳಿ ಬೆಳೆದವರು ನಾವು. ಬದುಕಿದ್ದಾಗ ಪ್ರತಿ ರಾತ್ರಿ, ಸಾವಿರ ಜನರ ಎದುರು ತಮ್ಮನ್ನು ತಮಾಷೆ ಮಾಡಲು ಬಿಟ್ಟ ಮನುಷ್ಯರಿಗೆ, ಸತ್ತ ಕೂಡಲೇ ತಮಾಷೆ ಮುಟ್ಟುಚಟ್ಟಾಯಿತೇ?

ಅಷ್ಟೇ ಅಲ್ಲ. ನಮ್ಮ ಆಟದಲ್ಲಿ ಸಾವಿನ ಹತ್ತಿರವೇ ನಗು ಕೂತಿರುತ್ತದೆ. ಗದಾಯುದ್ಧವನ್ನು ನೆನೆಸಿಕೊಳ್ಳಿ. ತೊಂಬತ್ತೊಂಬತ್ತು ತಮ್ಮಂದಿರನ್ನು ಕಳೆದುಕೊಂಡು ಕೌರವ ಸರೋವರದಲ್ಲಿ ಮುಳುಗಿ ಕೂತಿದ್ದಾನೆ. ಇನ್ನೇನು ಅವನ ತೊಡೆ ಮುರಿಯಬೇಕು. ಅಷ್ಟು ಹೊತ್ತಿಗೆ ಬೇಹಿನಚರ ಬಂದು ಜನರನ್ನು ನಗಿಸಿ ನಗಿಸಿ ಹೋಗುತ್ತಾನೆ. ಹರಿಶ್ಚಂದ್ರನ ಕಥೆಯಲ್ಲಿ ಹೆಂಡತಿ ಮಕ್ಕಳನ್ನು ಮಾರಿದ ರಾಜನ ಬೆನ್ನಿಗೆ ನಕ್ಷತ್ರಿಕ ಬಿದ್ದಿರುತ್ತಾನೆ. ಅವನ ಕಾಟಕ್ಕೆ ನಗುತ್ತ ಇದ್ದ ಹಾಗೆ ಹರಿಶ್ಚಂದ್ರ ಸುಡುಗಾಡಿಗೆ ಬಂದಿರುತ್ತಾನೆ. ನಮಗೆ ನಗು ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. ಇದನ್ನೆಲ್ಲ ಕಟ್ಟಿದವರಿಗೆ ಗಾಂಭೀರ್ಯ ಗೊತ್ತಿರಲಿಲ್ಲ ಎನ್ನುತ್ತೀರಾ? ಭೀಮನ ಕೈಯಲ್ಲಿ ಸತ್ತ ಕೀಚಕ ಚೌಕಿಯ ಹಿಂದೆ ಬೀಡಿ ಸೇದುತ್ತ ನಿಂತದ್ದನ್ನು ಎಂಟನೇ ವಯಸ್ಸಿಗೆ ಕಂಡವಳು ನಾನು. ಸಾವಿನ ಬಗ್ಗೆ ನನಗೆ ಯಾರೂ ಅದಕ್ಕಿಂತ ಚೆನ್ನಾಗಿ ಪಾಠ ಹೇಳಿಲ್ಲ.

ಒಂದು ಆಕ್ಷೇಪ ಬರುತ್ತದೆ, ಬರಬೇಕು. ಮನೆಯವರ ಸಂಕಟ? ತಂದೆಯನ್ನೋ, ಗಂಡನನ್ನೋ ಕಳೆದುಕೊಂಡವರ ಎದುರು ಹಲ್ಲು ಕಿಸಿಯುವುದೇ? ಖಂಡಿತ ಕೂಡದು. ಸಾವಿನ ಮನೆಯ ಅಂಗಳಕ್ಕೆ ಹೋಗಿ ನಾರದನ ಟಿಕೆಟಿನ ಕಥೆ ಹೇಳಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಮಾತೇ ಬೇಡ, ಒಂದು ಕೊಡ ನೀರು ತಂದಿಟ್ಟು ಬಂದರೆ ಸಾಕು. ಇಟಲಿಯ ವೆರ್ದಿ ಎಂಬ ದೊಡ್ಡ ಸಂಗೀತಗಾರ 1901ರಲ್ಲಿ ಮಿಲಾನ್ ಪಟ್ಟಣದಲ್ಲಿ ಸಾಯಲು ಮಲಗಿದ್ದಾಗ, ಗಾಡಿಯ ಗಾಲಿಗಳ ಸದ್ದು ಕೇಳದಿರಲೆಂದು ಬೀದಿಗೆ ಹುಲ್ಲು ಹಾಸಿದ್ದರಂತೆ. ತನ್ನ ಶವಸಂಸ್ಕಾರ ಸದ್ದುಗದ್ದಲವಿಲ್ಲದೆ ಆಗಲಿ ಎಂದು ಆತ ಬರೆದಿಟ್ಟಿದ್ದ. ಕೇಳಿದವರಿಗೆ ಮೌನ ಕೊಡಬೇಕು. ಮನೆಯವರಿಗೂ ಕೊಡಬೇಕು.

ಆದರೆ ನುಡಿನಮನದ ಹಾಲು ಸಾವಿನ ಮನೆಯಲ್ಲ. ಅಲ್ಲಿ ಸೇರಿದವರು ಕೇಳುಗರು. ಕೇಳುಗರ ನಷ್ಟ ಬೇರೆ ಥರದ್ದು. ನಮಗೆ ಆ ಮನುಷ್ಯನ ಊಟ, ನಿದ್ದೆ, ಕಾಯಿಲೆ ಯಾವುದೂ ಗೊತ್ತಿಲ್ಲ. ಗೊತ್ತಿದ್ದದ್ದು ಅವರ ಪದ್ಯ, ಅದನ್ನು ಕೇಳುತ್ತ ನಾವು ಕಳೆದ ರಾತ್ರಿಗಳು. ಆ ರಾತ್ರಿಗಳಲ್ಲಿ ಚರುಮುರಿ ಇತ್ತು, ತೊಡೆಯ ಮೇಲೆ ಮಲಗಿದ ಮಗು ಇತ್ತು, ಯಾರದೋ ಚಾಪೆಯ ಮೇಲೆ ಯಾರೋ ಕೂತು ಜಗಳವಾದದ್ದಿತ್ತು, ಕಣ್ಣೆಳೆದು ಪಕ್ಕದವಳ ಹೆಗಲ ಮೇಲೆ ಒರಗಿದ್ದಾಗ ಏರುಪದ್ಯಕ್ಕೆ ಬೆಚ್ಚಿ ಎದ್ದದ್ದಿತ್ತು. ಅದನ್ನು ನೆನೆದರೆ ನಗು ಬಾರದೆ ಇರುತ್ತದೆಯೇ? ನಗು ಬೇಡವೆಂದರೆ ಆ ರಾತ್ರಿಗಳನ್ನೇ ಬಿಟ್ಟು ಮಾತಾಡಬೇಕು. ಬಿಟ್ಟ ಮೇಲೆ ಉಳಿಯುವುದು ಧ್ರುವತಾರೆ ಒಂದೇ.

ಎಲ್ಲ ತಮಾಷೆಯೂ ಒಳ್ಳೆಯದೆಂದು ನಾನು ವಾದಿಸುವುದಿಲ್ಲ. ನಾವಡರು ಹೋದ ವಾರ ಕುಂದಾಪುರದ ಬಸ್ಸಿನಲ್ಲಿ ಇಬ್ಬರು ಹುಡುಗರು ಆ ಅಪಘಾತದ ಬಗ್ಗೆಯೇ ಏನೋ ಕುಚೋದ್ಯ ಆಡುತ್ತಿದ್ದರು. ಬಸ್ಸು ಗುಂಡ್ಮಿಯ ಹತ್ತಿರ ಬಂದಿತ್ತು. ನನಗೆ ಎದ್ದು ಹೋಗಿ ಎರಡು ಬಾರಿಸುವ ಹಾಗಾಗಿತ್ತು. ಹೊಸ ಸೊಸೆ ಎಂದು ಕೂತೆ. ಇವತ್ತಿಗೂ ಅದೊಂದು ಬಾಕಿ ಉಳಿದುಹೋಗಿದೆ. ಈಗ ವಾಟ್ಸ್ಯಾಪಿನಲ್ಲಿ ಅಂಥವು ಬರುತ್ತವೆ, ಯಾರು ಸತ್ತರೂ ಬರುತ್ತವೆ, ಹೆಸರು ಮಾತ್ರ ಬದಲು. ಆ ಹುಡುಗರ ಮಾತಿಗೂ ದೊಡ್ಡತ್ತೆಯ ಮಾತಿಗೂ ಇರುವ ಅಂತರ ನನಗೆ ಹೀಗೆ ಕಾಣುತ್ತದೆ: ದೊಡ್ಡತ್ತೆಗೆ ನಾವಡರ ಐವತ್ತು ಪದ್ಯ ಬಾಯಿಗೆ ಬರುತ್ತಿತ್ತು. ಅವರ ತಮಾಷೆ ಹುಟ್ಟಿದ್ದು ಆ ಪದ್ಯಗಳ ಒಳಗಿನಿಂದ. ಹುಡುಗರಿಗೆ ಸಾವು ಮಾತ್ರ ಗೊತ್ತಿತ್ತು. ಪದ್ಯ ಗೊತ್ತಿಲ್ಲದವರು ಸಭೆಯಲ್ಲಿ ಗಂಭೀರವಾಗಿ ಮಾತಾಡಿದರೂ ನನಗೆ ಅದೇ ಸಿಟ್ಟು ಬರುತ್ತದೆ. ಹನ್ನೆರಡು ನಿಮಿಷ ಸನ್ಮಾನದ ಕಥೆ ಹೇಳಿದವರು ಧಾರೇಶ್ವರರ ಒಂದು ಪ್ರಸಂಗದ ಹೆಸರೂ ಎತ್ತಲಿಲ್ಲ. ಅವರನ್ನು ಯಾರೂ "ಶೋಭೆಯಲ್ಲ" ಎನ್ನಲಿಲ್ಲ.

ರಸ್ತೆ ಬದಿಯಲ್ಲಿ ಕಟ್ಟುವ ಫ್ಲೆಕ್ಸಿನ ಮಾತು ಎತ್ತಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. "ಮತ್ತೆ ಹುಟ್ಟಿ ಬನ್ನಿ" ಎಂದು ಬರೆಸುತ್ತಾರೆ. ಕೆಳಗೆ ಹದಿನಾರು ಜನರ ಫೋಟೋ, ಸತ್ತವರದು ಯಾವುದೆಂದು ಹುಡುಕಬೇಕು. ಮತ್ತೆ ಹುಟ್ಟಿ ಬಂದು ಏನು ಮಾಡಬೇಕು ಆ ಭಾಗವತರು? ನವೆಂಬರಿನಿಂದ ಮೇ ತನಕ ಆರು ತಿಂಗಳು ರಾತ್ರಿ ನಿದ್ದೆಗೆಡಬೇಕು. ಹಗಲು ಸಿಕ್ಕಿದಲ್ಲಿ ಚಾಪೆ ಹಾಸಿ ಮಲಗಬೇಕು. ಮಕ್ಕಳ ಶಾಲೆ ಡೇಗೆ, ಹೆಂಡತಿಯ ಹೆರಿಗೆಗೆ ರಜೆ ಕೇಳಬೇಕು. ಎದೆ ನೋವಿದ್ದರೂ ಏರು ಶ್ರುತಿಯಲ್ಲಿ ಹಾಡಬೇಕು, ಇಳಿಸಿದರೆ "ಭಾಗವತರಿಗೆ ವಯಸ್ಸಾಯಿತು" ಎನ್ನುವವರೂ ಈ ಹದಿನಾರು ಜನರೇ. ನನ್ನನ್ನು ಕೇಳಿದರೆ, ಮತ್ತೆ ಹುಟ್ಟಬೇಡಿ ಭಾಗವತರೇ, ನೀವು ಮಲಗಿ ನಿದ್ದೆ ಮಾಡಿ ಎಂದೇ ಬರೆಸುತ್ತಿದ್ದೆ.

ಪರದೇಶದ ಉದಾಹರಣೆ ಕೊಟ್ಟರೆ ನಮ್ಮವರಿಗೆ ಬೇಗ ನಾಟುತ್ತದೆ. ಯಕ್ಷಗಾನವನ್ನು ಒಪೆರಾಕ್ಕೆ ಹೋಲಿಸಿ ಹೆಮ್ಮೆಪಡುವವರು ಇದ್ದಾರಲ್ಲ, ಅವರಿಗಾಗಿ ಹೇಳುತ್ತೇನೆ. ಒಪೆರಾ ಹಾಡುಗಾರ ಪವರೋಟ್ಟಿ 2007ರ ಸೆಪ್ಟೆಂಬರ್ 6ರಂದು ತನ್ನ ಊರು ಮೊಡೆನಾದಲ್ಲಿ ತೀರಿಕೊಂಡ. ಭಾರೀ ಆಳು, ಕೈಯಲ್ಲೊಂದು ದೊಡ್ಡ ಬಿಳಿ ಕರವಸ್ತ್ರ ಹಿಡಿದು ಹಾಡುತ್ತಿದ್ದವ. ಅವನ ಅಪ್ಪ ಬ್ರೆಡ್ಡು ಬೇಯಿಸುತ್ತಿದ್ದವ, ಹವ್ಯಾಸಕ್ಕೆ ಹಾಡುತ್ತಿದ್ದ. ಊರಿನ ದೊಡ್ಡ ಇಗರ್ಜಿಯಲ್ಲಿ ಅಂತ್ಯಸಂಸ್ಕಾರ ನಡೆಯುವಾಗ, 1978ರಲ್ಲಿ ಅಪ್ಪ ಮಗ ಸೇರಿ ಹಾಡಿದ್ದ ಒಂದು ಹಾಡಿನ ಧ್ವನಿಮುದ್ರಣ ಹಾಕಿದರು. ಹಾಡು ಮುಗಿದ ಕೂಡಲೇ, ಪೆಟ್ಟಿಗೆ ಎದುರಿಗಿರುವಾಗಲೇ, ಸೇರಿದವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ದೇವರ ಮನೆಯೊಳಗೆ, ಹೆಣದ ಮುಂದೆ ಚಪ್ಪಾಳೆ! ಅವರ ಕಡೆ ಅದು ರೂಢಿಯಂತೆ. ಹಾಡಿದವನಿಗೆ ಎದ್ದು ನಿಲ್ಲುವುದಕ್ಕೂ, ನಾವು ಮೌನಕ್ಕೆ ಎದ್ದು ನಿಲ್ಲುವುದಕ್ಕೂ ಮೊಣಕಾಲಿಗೆ ಒಂದೇ ನೋವು. ಆದರೆ ಹಾಡಿದವನಿಗೆ ಯಾವುದು ಇಷ್ಟ ಆಗುತ್ತಿತ್ತು?

ಕೊನೆಗೂ ನನ್ನನ್ನು ಚುಚ್ಚಿದ್ದು "ಶೋಭೆಯಲ್ಲ" ಎಂಬ ಮಾತಲ್ಲ, ಅದರ ಮುಂಚಿನ "ತಾಯಂದಿರು" ಎಂಬ ಮಾತು. ಗಂಡಸರೂ ನಕ್ಕಿದ್ದರು, ಆದರೆ ಬೈಗುಳ ನಮಗೆ ಮಾತ್ರ. ಸಾವಿನಲ್ಲಿ ಹೆಂಗಸಿಗೆ ಒಂದು ಪಾತ್ರ ಕೊಟ್ಟಿದ್ದಾರೆ: ಅಳಬೇಕು. ಅತ್ತರೆ ಅಳು ಜಾಸ್ತಿಯಾಯಿತು ಎನ್ನುತ್ತಾರೆ, ಅಳದಿದ್ದರೆ ಕಲ್ಲು ಎನ್ನುತ್ತಾರೆ, ದೊಡ್ಡತ್ತೆಗೆ ಅಂದ ಹಾಗೆ. ಸಭೆ ಮಾಡುವುದು, ಸ್ಮರಣ ಸಂಚಿಕೆ ತರುವುದು, ಯಾರು ದೊಡ್ಡ ಭಾಗವತರು, ಯಾರು ಸಂಪ್ರದಾಯ ಕೆಡಿಸಿದರು ಎಂದು ತೀರ್ಪು ಕೊಡುವುದು ಎಲ್ಲ ಗಂಡಸರ ಕೆಲಸ. ಲೀಲಾವತಿ ಬೈಪಡಿತ್ತಾಯರಂಥ ಹೆಣ್ಣು ತೆಂಕಿನಲ್ಲಿ ತಾಳ ಹಿಡಿದು ಮೇಳದ ಜೊತೆ ತಿರುಗಾಟ ಮಾಡಿದ ಮೇಲೂ, 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗಲೂ, ನಾನು ಪತ್ರಿಕೆಯಲ್ಲಿ ಕಂಡ ಸಭೆಗಳ ಫೋಟೋದಲ್ಲಿ ವೇದಿಕೆಯ ಮೇಲೆ ಸಾಲಾಗಿ ಕೂತವರು ಹೆಚ್ಚಾಗಿ ಪಂಚೆಯವರೇ. ಹೆಂಗಸರು ದೀಪಕ್ಕೆ ಎಣ್ಣೆ ಹಾಕಲು ಇದ್ದರು.

ನಮ್ಮ ನೆನಪು ಇರುವುದು ಹಿಂದಿನ ಜಗಲಿಯಲ್ಲಿ. ಅದರ ಭಾಷೆ ಕುಂದಾಪ್ರ ಕನ್ನಡ, ಅದರ ಧಾಟಿ ನಗು. 2019ರಿಂದ ಪ್ರತಿ ವರ್ಷ ಆಸಾಡಿ ಅಮಾಸೆಗೆ ಕುಂದಾಪ್ರ ಕನ್ನಡ ದಿನ ಎಂದು ಆಚರಿಸುತ್ತಾರೆ. ವೇದಿಕೆಯ ಮೇಲೆ ಗಂಡಸರೇ "ನಮ್ ಭಾಷಿ ನಗಿ ಭಾಷಿ" ಎಂದು ಎದೆ ತಟ್ಟಿಕೊಳ್ಳುತ್ತಾರೆ. ಆ ನಗೆಯನ್ನು ಕಡೆಯುವ ಕಲ್ಲಿನ ಹತ್ತಿರ ಕೂತು ಕಾಪಾಡಿದವರು ಯಾರು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅಮಾಸೆಯ ದಿನ ನಕ್ಕರೆ ಸಂಸ್ಕೃತಿ, ನುಡಿನಮನದ ದಿನ ನಕ್ಕರೆ ಅಶೋಭೆ.

ಅವತ್ತು ಸಭೆ ಮುಗಿದ ಮೇಲೆ, ಚಾ ಕುಡಿಯುತ್ತ ನಿಂತಿದ್ದಾಗ, ಬಿಳಿ ಕೂದಲಿನ ಒಬ್ಬ ಅಮ್ಮ ನನ್ನ ಹತ್ತಿರ ಬಂದರು. ಬೈಂದೂರಿನ ಕಡೆಯವರು. ಕೈ ಹಿಡಿದುಕೊಂಡರು. "ಟೀಚರೇ, ನಿಮ್ ದೊಡ್ಡತ್ತಿ ಸಮಾ ಹೇಳಿರ್. ನಾನೂ ಒಂದ್ ಹೇಳುವಾ ಅಂದ್ಕಂಡಿದ್ದೆ, ಮೈಕ್ ಕೊಡ್ಲಿಲ್ಲ" ಎಂದು, ಅತ್ತಿತ್ತ ನೋಡಿ, ಕಿವಿಯಲ್ಲಿ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರ ಆಸ್ತಿ. ಎಂದಾದರೂ ಅವರಿಗೆ ಮೈಕು ಸಿಗಲಿ. ಚಾ ಮಾತ್ರ ನನ್ನ ಮೂಗಿಗೆ ಹತ್ತಿತು.

ದೊಡ್ಡತ್ತೆ 2003ರ ಮಳೆಗಾಲದಲ್ಲಿ ಹೋದರು. ಬೊಜ್ಜದ ದಿನ ಊಟ ಮುಗಿದು, ನೆಂಟರು ಒಬ್ಬೊಬ್ಬರೇ ಹೊರಟ ಮೇಲೆ, ನಾವು ಸೊಸೆಯಂದಿರು ಅವರ ಮರದ ಪೆಟ್ಟಿಗೆ ತೆಗೆದೆವು. ಎರಡು ಸೀರೆ, ಒಂದು ಬೆಳ್ಳಿಯ ಕುಂಕುಮದ ಭರಣಿ, ಅದನ್ನು ಅವರು ಇಪ್ಪತ್ತಮೂರಕ್ಕೇ ಮುಚ್ಚಿಟ್ಟದ್ದು. ಅದರ ಕೆಳಗೆ ನಾವಡರ ಆಟದ ಕ್ಯಾಸೆಟ್ಟು, ರಬ್ಬರ್ ಬ್ಯಾಂಡು ಹಾಕಿ ಕಟ್ಟಿದ ಒಂದು ಗಿಡ್ಡ ಪೆನ್ಸಿಲಿನ ಜೊತೆ. ಟೇಪು ಸಡಿಲಾದಾಗ ಸುತ್ತಲು ಇಟ್ಟುಕೊಂಡದ್ದು. ಮೈದುನನ ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದೆವು. ಕೇಳಿ ಕೇಳಿ ಟೇಪು ಎಳೆದುಹೋಗಿತ್ತು. ನಾವಡರ ಸ್ವರ ದಪ್ಪವಾಗಿ, ನಿಧಾನವಾಗಿ, ತೂಕಡಿಸುತ್ತ ಹಾಡುವವರ ಹಾಗೆ ಬಂತು.

"ಹದಿಮೂರ್ ವರ್ಷ ದೇವ್ಲೋಕದಂಗೆ ಆಟ ಆಡಿ ಆಡಿ ಭಾಗವತ್ರಿಗೂ ನಿದ್ರಿ ಬಂತ್ ಕಾಣಿ" ಎಂದಳು ನನ್ನ ಓರಗಿತ್ತಿ.

ಹೊರಗೆ ದಕ್ಷಿಣೆ ಎಣಿಸುತ್ತಿದ್ದ ಭಟ್ಟರು ಬಾಗಿಲಲ್ಲಿ ಇಣುಕಿ, "ಎಂತದ್ದಮ್ಮ ಅದು ನಗೆ?" ಎಂದು ಕೇಳಿದರು. ನಮಗೆ ಉತ್ತರ ಹೇಳಲಾಗಲಿಲ್ಲ, ನಗುತ್ತಲೇ ಇದ್ದೆವು. ಓರಗಿತ್ತಿ ಪೆನ್ಸಿಲು ತೆಗೆದುಕೊಂಡು ಟೇಪನ್ನು ಬಿಗಿಯಾಗಿ ಸುತ್ತತೊಡಗಿದಳು.